ಕಾವಿಯ ಅಂಚು

ಚಿಯಾಂಗ್ ತೇನ್ ಪಟ್ಟಣದ ಗಂಡಸರು ಹುಲಿಗೆ ಹೆದರುವವರಲ್ಲ. ಹಿತ್ತಲಲ್ಲಿ ಒಣಗಲು ಹಾಕಿದ ಹೆಂಗಸಿನ ಲಂಗಕ್ಕೆ ಹೆದರುತ್ತಿದ್ದರು. ಎದೆಯ ಮೇಲೆ, ತೊಡೆಯ ಮೇಲೆ ಕತ್ತಿ ತಾಗದ ಹಾಗೆ ಮಂತ್ರ ಹೇಳಿ ಚುಚ್ಚಿಸಿಕೊಂಡ ಹಚ್ಚೆ, ಲಂಗದ ಕೆಳಗೆ ಒಂದು ಸಲ ನುಸುಳಿದರೂ ಸತ್ತು ಹೋಗುತ್ತದೆ, ಆಮೇಲೆ ಅದು ಬರೀ ಮಸಿ. ಹೀಗೆಂದು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದವರು. ಅದಕ್ಕೇ ಫೆಂಗವ್ವನ ಮನೆ ಹತ್ತಿರ ಬಂದರೆ ಮೀಸೆ ತಿರುವುವ ಸಿಪಾಯಿಗಳೂ ಮೂರು ಓಣಿ ಬಳಸಿ ಹೋಗುತ್ತಿದ್ದರು. ಫೆಂಗವ್ವ ನೇಯುವವಳು, ಊರಿನ ಅರ್ಧ ಹೆಂಗಸರು ಉಟ್ಟ ಲಂಗ ಅವಳ ಮಗ್ಗದ್ದೇ. ಹಿತ್ತಲ ತುಂಬ ಬಣ್ಣ ಹಾಕಿದ ಬಟ್ಟೆ ನೇತುಹಾಕಿ, ಗಂಡಸರು ಸುತ್ತಿ ಸುತ್ತಿ ಹೋಗುವುದನ್ನು ನೋಡಿ ಅವಳು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು.

ಆ ನಗು ನಿಂತದ್ದು ನಮ್ಮ ದೊರೆ ಜ್ವರದಲ್ಲಿ ತೀರಿಕೊಂಡ ವರ್ಷ. ಹೊಳೆಯಾಚೆಯ ದೊರೆ ಹೊಂಚು ಹಾಕಿಕೊಂಡೇ ಇದ್ದ. ವಿಧವೆಯ ಊರು, ಬಾಗಿಲು ತೆಗೆದಿಟ್ಟ ಮನೆಯಿದ್ದ ಹಾಗೆ ಎಂದುಕೊಂಡು ದಂಡು ಕಟ್ಟಿದ. ಖಂಪಿನ್ ದೊರೆಸಾನಿಗೆ ಆಗ ಇಪ್ಪತ್ತೆಂಟು. ಮಕ್ಕಳಿಲ್ಲ. ಗಂಡನ ಬೂದಿಯನ್ನು ಹೊಳೆಗೆ ಬಿಟ್ಟು ಬಂದವಳೇ, ಅವನ ಆನೆಯ ಕುತ್ತಿಗೆಯ ಮೇಲೆ ತಾನೇ ಕೂತು ದಂಡು ನಡೆಸುತ್ತೇನೆ ಎಂದುಬಿಟ್ಟಳು. ಊರು ಹೌದೌದು ಎಂದಿತು. ಆದರೆ ನಾಲ್ಕು ಜನರ ಮುಖ ಬಾಡಿತು.

ಯುದ್ಧದ ಆನೆಗೆ ನಾಲ್ಕು ಕಾಲು, ಕಾಲಿಗೊಬ್ಬ ಕಾವಲಿನವನು. ಏನೇ ಬಂದರೂ ಅವನು ಆ ಕಾಲು ಬಿಟ್ಟು ಕದಲಬಾರದು. ಆನೆ ಎಲ್ಲಿಯೋ ಅವನು ಅಲ್ಲಿ, ಮೇಲೆ ಕೂತವರ ನೇರ ಕೆಳಗೆ. ಹಿಂದಿನ ಎಡಗಾಲಿನವನು ಮೂನ್. ಫೆಂಗವ್ವನ ಮೂರು ಮಕ್ಕಳಲ್ಲಿ ಉಳಿದವನು ಅವನೊಬ್ಬನೇ, ಇಪ್ಪತ್ತು ವರ್ಷದವನು.

"ಅವ್ವ, ನಂಗೆ ಹೊಳೆಯಾಚೆಯೋರ ಭಯ ಇಲ್ಲ. ದೊರೆಸಾನಿ ಲಂಗದ ಭಯ," ಎಂದ ಅವನು, ಅಂಟು ಅನ್ನದ ಬುಟ್ಟಿ ಮುಂದಿಟ್ಟುಕೊಂಡು, ಉಂಡೆಯೊಂದನ್ನು ಹಿಸುಕುತ್ತ.

"ಥೂ, ಮೆಲ್ಲಗೆ ಹೇಳೋ, ಕೇಳಿದೋರು ನಕ್ಕಾರು."

"ನಗೋರು ಬಂದು ಆನೆ ಕೆಳಗೆ ನಿಲ್ಲಲಿ. ನಾವು ನಾಲ್ಕೂ ಜನ ಮಾತಾಡ್ಕೊಂಡಿದೀವಿ. ಬರಲ್ಲ ಅಂತ ಹೇಳ್ಬಿಡ್ತೀವಿ."

"ಹೇಳಿದ್ರೆ ತಲೆ ತೆಗೀತಾರೆ ಕಣೋ!"

"ಹೋದ್ರೂ ತೆಗೀತಾರೆ. ನಮ್ಮೂರ ಕತ್ತಿಯಾದ್ರೆ ಹರಿತವಾಗಾದ್ರೂ ಇರುತ್ತೆ."

ಬರುವ ಮಳೆಗಾಲಕ್ಕೆ ಅವನಿಗೆ ತಲೆ ಬೋಳಿಸಿ ಭಿಕ್ಷು ಮಾಡಿಸುವುದೆಂದು ಫೆಂಗವ್ವ ವಿಹಾರದಲ್ಲಿ ಹೇಳಿ ಬಂದಿದ್ದಳು. ಮಗ ಕಾವಿ ಉಟ್ಟರೆ, ಅದನ್ನು ಕೈಯಾರೆ ಕೊಟ್ಟ ತಾಯಿ ಆ ಕಾವಿಯ ಅಂಚು ಹಿಡಿದು ಸ್ವರ್ಗಕ್ಕೆ ಹೋಗುತ್ತಾಳೆ. ಹೆಣ್ಣಿಗೆ ಬೇರೆ ದಾರಿ ಇದೆಯೋ ಇಲ್ಲವೋ ದೇವರೇ ಬಲ್ಲ, ಇದು ಮಾತ್ರ ಖಾತ್ರಿ ಎನ್ನುತ್ತಾರೆ ನಮ್ಮಲ್ಲಿ. ಗಂಡ ಸತ್ತು, ಎರಡು ಮಕ್ಕಳು ಸತ್ತು, ಫೆಂಗವ್ವ ಬದುಕಿದ್ದದ್ದೇ ಆ ಒಂದು ಅಂಚಿನ ಆಸೆಯಲ್ಲಿ. ಈಗ ನೋಡಿದರೆ ಮಗನೇ ಉಳಿಯುವ ಹಾಗಿರಲಿಲ್ಲ.

ಅವಳು ಎದ್ದು ನೆಟ್ಟಗೆ ಅರಮನೆಗೆ ನಡೆದಳು. ದೊರೆಸಾನಿ ಹುಟ್ಟಿದಾಗ ಹಾಲುಣಿಸಿದವಳು ಅವಳೇ. ಬಾಗಿಲಲ್ಲಿ ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಒಳಗೆ ಮುದಿ ಸೇನಾಪತಿ ಹುಳಿ ಬರಿಸಿದ ಚಹಾ ಎಲೆಯನ್ನು ದವಡೆಗೆ ಒತ್ತಿಕೊಂಡು ಇದೇ ತಲೆನೋವಿನಲ್ಲಿ ಕೂತಿದ್ದ. ಸುದ್ದಿ ಅಲ್ಲಿಗಾಗಲೇ ಮುಟ್ಟಿತ್ತು.

"ದೊರೆಸಾನಿಯವರು ಗಂಡಸರ ಚಲ್ಲಣ ತೊಟ್ಟರೆ ಆಯ್ತಪ್ಪ," ಎನ್ನುತ್ತಿದ್ದ ಅವನು.

"ಚಲ್ಲಣ ತೊಟ್ರೆ ನಾನು ಗಂಡಸಾಗ್ತೀನಾ? ಆ ಹಚ್ಚೆ ಅಷ್ಟು ದಡ್ಡಾನಾ?" ಎಂದಳು ಖಂಪಿನ್. "ಬರಲ್ಲ ಅಂದೋರ ತಲೆ ತೆಗೀಬೇಕು, ಅದು ಕಾನೂನು. ನಾಲ್ಕು ತಲೆ ತೆಗೆದ್ರೆ ಮಿಕ್ಕೋರು ಹೆದರ್ಕೊಂಡು ಬರ್ತಾರೆ. ಹೆದರ್ಕೊಂಡು ಬಂದೋರನ್ನ ಕಟ್ಕೊಂಡು ನಾನೇನು ಗೆಲ್ಲಲಿ?"

"ಹೆತ್ತ ತಾಯಿ ಲಂಗದಿಂದ ಹಚ್ಚೆ ಸಾಯಲ್ಲ," ಎಂದಳು ಫೆಂಗವ್ವ ಬಾಗಿಲಿನಿಂದಲೇ. "ಯುದ್ಧಕ್ಕೆ ಹೋಗೋ ಪ್ರತಿಯೊಬ್ಬನೂ ತಾಯಿ ಲಂಗದ ಚೂರನ್ನೇ ತಾನೆ ತೋಳಿಗೆ ಕಟ್ಕೊಂಡು ಹೋಗೋದು? ನೀನು ಆ ನಾಲ್ಕು ಜನಕ್ಕೆ ತಾಯಿ ಆಗ್ಬಿಡು."

"ಹೆಂಗವ್ವ?"

"ಮಗೂನ ದತ್ತು ತಗೊಳಲ್ವಾ, ಹಂಗೆ. ನಿನ್ನ ಲಂಗದೊಳಗಿಂದ ಎಳ್ಕೊ. ಹೊರಗೆ ಬಂದ ಮೇಲೆ ನೀನೇ ಹೆತ್ತ ಹಂಗೆ."

ಸೇನಾಪತಿಗೆ ಎಲೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಖಂಪಿನ್ ಮಾತ್ರ ನಗಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥ ಮಾತು ಅದು. ಅವಳು ತನಗೆ ಹಾಲುಣಿಸಿದವಳ ಕಡೆ ತಿರುಗಿದಳು.

"ದತ್ತು ಅಂದ್ರೆ ಹೆತ್ತವಳು ನೀರು ಬಿಟ್ಟು ಕೊಡಬೇಕಲ್ಲವ್ವ. ಆ ಮೂವರಿಗೆ ತಾಯಿ ಇಲ್ಲ. ಮೂನ್‌ಗೆ ನೀನಿದೀಯ. ಕೊಟ್ಟ ಮೇಲೆ ಅವನು ನಿನ್ನ ಮಗ ಅಲ್ಲ. ಅವನು ಕಾವಿ ಉಟ್ರೆ ಅದರ ಅಂಚು ನಿಂಗೆ ಸಿಗಲ್ಲ."

ಮಗನ ತಲೆ ಉಳಿಸುವ ಗಡಿಬಿಡಿಯಲ್ಲಿ ಫೆಂಗವ್ವ ಈ ನೀರಿನ ವಿಷಯವನ್ನೇ ಮರೆತಿದ್ದಳು ನೋಡಿ. ಬಾಯಿಂದ ಬಿದ್ದ ಮಾತು ತನ್ನ ಬುಡಕ್ಕೇ ಬಂದಿತ್ತು. ನೀರು ಬಿಟ್ಟವಳು ಮಗನನ್ನು ತಿರುಗಿ ಕೇಳುವ ಹಾಗಿಲ್ಲ. ಪಡೆದವಳಿಗೇ ಮನಸ್ಸು ಬಂದು ಹಿಂದಕ್ಕೆ ಕೊಟ್ಟರೆ ಮಾತ್ರ ಉಂಟು.

"ಜೀವ ಇರಲಿ. ತಂಬಿಗೆ ತರಿಸು," ಎಂದಳು ಫೆಂಗವ್ವ.

ಮರುದಿನ ಬೆಳಿಗ್ಗೆ ಆನೆಲಾಯದ ಮುಂದೆ ನಾಲ್ಕು ಜನ ಗಡವ ಗಂಡಸರು ಮೊಣಕಾಲೂರಿ ದೊರೆಸಾನಿಯ ಲಂಗದೊಳಗೆ ಒಂದು ಕಡೆಯಿಂದ ತೂರಿ ಇನ್ನೊಂದು ಕಡೆಯಿಂದ ಬಂದರು. ಮುಂಗಾಲಿನ ಡೊಳ್ಳುಹೊಟ್ಟೆಯವನು ನಡುವೆ ಸಿಕ್ಕಿಬಿದ್ದು, "ಇವನ ಹೆರಿಗೆ ಕಷ್ಟ ಕಣ್ರೋ" ಎಂದು ಮಾವುತ ಕೂಗಿದಾಗ ಇಡೀ ದಂಡು ಬಿದ್ದು ಬಿದ್ದು ನಕ್ಕಿತು. ದೊರೆಸಾನಿ ಒಬ್ಬೊಬ್ಬನ ತಲೆಯ ಮೇಲೂ ಕೈಯಿಟ್ಟು ಮೂರು ಸಲ "ನನ್ನ ಮಗ" ಎಂದಳು. ಫೆಂಗವ್ವ ನೀರು ಬಿಟ್ಟು ಮೂರು ಸಲ "ನನ್ನವನಲ್ಲ" ಎಂದಳು. ಹೊರಗೆ ಬಂದ ಮೂನ್ ಅಭ್ಯಾಸಬಲದಿಂದ ಅವಳ ಕಡೆ ತಿರುಗಿ ಬಾಯಿ ತೆರೆದ.

"ನಿಮ್ಮವ್ವ ಅಲ್ಲಿದಾಳೆ," ಎಂದು ಫೆಂಗವ್ವ ಗದ್ದದಿಂದಲೇ ತೋರಿಸಿದಳು. ಖಾಲಿ ತಂಬಿಗೆಯನ್ನು ಕೆಳಗಿಟ್ಟು ಮನೆಗೆ ಹೋದಳು.

ಯುದ್ಧ ಹೊಳೆಯ ಕಡವಿನಲ್ಲೇ ಮುಗಿಯಿತು. ಆನೆಗೆ ಆನೆ ಡಿಕ್ಕಿ ಹೊಡೆದಾಗ ಖಂಪಿನ್ ಉದ್ದ ಹಿಡಿಯ ಕತ್ತಿಯಿಂದ ಆಚೆಯ ದೊರೆಯ ಹೆಗಲು ಸೀಳಿದಳು. ನಾಲ್ಕು ಕಾಲಿನ ನಾಲ್ವರೂ ಕದಲಲಿಲ್ಲ. ಮೊಣಕೈವರೆಗೆ ರಕ್ತ ಒಣಗಿಸಿಕೊಂಡು ಬಂದವಳು ಎರಡು ಬುಟ್ಟಿ ಅನ್ನ ತಿಂದು, ಎರಡು ದಿನ ಮಲಗಿದಳು.

ಆಮೇಲೆ ಇಪ್ಪತ್ತೆರಡು ವರ್ಷ ಅವಳು ಆಳಿದಳು, ಚೆನ್ನಾಗಿಯೇ ಆಳಿದಳು. ಏಳು ಸಲ ಆನೆ ಹತ್ತಿದಳು. ಬಡಗಣ ಗದ್ದೆಗಳಿಗೆ ಕಾಲುವೆ ತೆಗೆಸಿದಳು, ತಾನೂ ಬುಟ್ಟಿ ಹೊತ್ತಳು. ಸೆರೆ ತಂದ ಜನಕ್ಕೆ ಗದ್ದೆ ಕೊಟ್ಟು ಕೂರಿಸಿದಳು. ಅವರ ಮಕ್ಕಳು ಈಗ ನಮಗಿಂತ ಜೋರಾಗಿ ಇದು ನಮ್ಮೂರು ಎನ್ನುತ್ತಾರೆ. ಕಾವಲಿನ ಮೂವರು ಒಬ್ಬೊಬ್ಬರಾಗಿ ಯುದ್ಧದಲ್ಲಿ ಹೋದರು. ಉಳಿದವನು ಮೂನ್. ಪ್ರತಿ ಮಳೆಗಾಲಕ್ಕೂ ಅವನು ಭಿಕ್ಷು ಆಗುತ್ತೇನೆ ಎಂದು ಕೇಳುವುದು, ಅವಳು "ಇದೊಂದು ವರ್ಷ ಕಳೀಲಿ ಮಗ" ಎಂದು ಮೂಗಿಗೆ ತುಪ್ಪ ಸವರುವುದು. ಫೆಂಗವ್ವ ಯಾವತ್ತೂ ಬಾಯಿ ಬಿಡಲಿಲ್ಲ. ಕೊಟ್ಟವಳಿಗೆ ಕೇಳುವ ಹಕ್ಕೆಲ್ಲಿ?

ಕೊನೆಗೆ ದೊರೆಸಾನಿಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಅವಳು ಕೋಲೂರಿಕೊಂಡು ಫೆಂಗವ್ವನ ಮನೆಗೆ ಬಂದು, ಮಗ್ಗದ ಪಕ್ಕ ನೆಲದ ಮೇಲೆ ಕೂತಳು.

"ಮೂನ್‌ನ ಬಿಡ್ತಾ ಇದೀನಿ ಅವ್ವ. ಬರೋ ಹುಣ್ಣಿಮೆಗೆ ಕಾವಿ."

ಲಾಳಿ ನಿಂತಿತು. "ಈಗ್ಲಾದ್ರೂ ಬುದ್ಧಿ ಬಂತಲ್ಲ."

"ನೀರು ಬಿಟ್ಟು ಅವನನ್ನ ನಿನಗೇ ವಾಪಸ್ ಕೊಡಬೇಕು ಅಂತ ಹೊರಟೆ. ನಿನ್ನ ಬಾಗಿಲವರೆಗೂ ಅದೇ ಮನಸ್ಸಿತ್ತು."

"ಆಮೇಲೆ ಏನಾಯ್ತು?"

"ಭಯ ಆಯ್ತು." ಖಂಪಿನ್ ತನ್ನ ಕೈ ನೋಡಿಕೊಂಡಳು. "ಈ ಕೈಯಾರೆ ಹತ್ತೊಂಬತ್ತು ಜನ ಹೋಗಿದಾರೆ. ಆನೆ ಕಾಲಿಗೆ ಸಿಕ್ಕಿದವರು ಬೇರೆ. ನೀನು ಒಂದು ಕೋಳೀನೂ ಕೊಯ್ದವಳಲ್ಲ, ನಿಂಗೆ ಮೇಲಕ್ಕೆ ಹೋಗೋಕೆ ಯಾರ ಅಂಚೂ ಬೇಡ. ನಂಗೆ ಬೇಕವ್ವ. ನಾನು ಎಲ್ಲಿಗೆ ಹೋಗ್ತೀನಿ ಅಂತ ನಂಗೆ ಗೊತ್ತು."

ಫೆಂಗವ್ವನಿಗೆ ಎಲ್ಲಿತ್ತೋ ಸಿಟ್ಟು, ಇಪ್ಪತ್ತೆರಡು ವರ್ಷದ್ದು ಒಟ್ಟಿಗೆ ಬಂತು.

"ನಂಗೆ ಬೇಡ ಅನ್ನೋಕೆ ನೀನ್ಯಾರೇ? ನನ್ನ ಹಾಲು ಕುಡಿದೆ. ನನ್ನ ಮಗನ್ನ ತಗೊಂಡೆ. ಈಗ ಸ್ವರ್ಗಾನೂ ಬೇಕಾ? ಏಳು, ಹೋಗು ಆಚೆ!"

ಹೊರಗೆ ನಿಂತಿದ್ದ ಸಿಪಾಯಿಗಳು ಏನೂ ಕೇಳಿಸದವರ ಹಾಗೆ ಆಕಾಶ ನೋಡಿದರು.

"ಹೋಗ್ತೀನಿ," ಎಂದಳು ದೊರೆಸಾನಿ, ಏಳಲು ಒದ್ದಾಡುತ್ತ. "ನಾನು ಕೇಳಿದ್ದು ಅಷ್ಟೇ, ಆಜ್ಞೆ ಅಲ್ಲ. ನಿಂಗೆ ಬೇಕು ಅಂದ್ರೆ ನಿಂದೇ."

ಎಂಟು ದಿನ ಫೆಂಗವ್ವ ಮಗ್ಗದ ಜೊತೆ ಜಗಳವಾಡಿದಳು. ನೂಲು ಹರಿಯಿತು, ಬಣ್ಣ ತಪ್ಪಿತು. ಒಂಬತ್ತನೆಯ ದಿನ ಮೂನ್ ಬಂದು ಜಗಲಿಯ ಮೇಲೆ ಕೂತ. ನಲವತ್ತೆರಡು ವರ್ಷದವನು, ಕಿವಿಯ ಹತ್ತಿರ ನರೆ.

"ಅವ್ವ," ಎಂದ. ಆ ನೀರಿನ ದಿನದಿಂದ ಆ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. "ನೀನು ಹೇಳಿದ ಹಂಗೆ ಮಾಡ್ತೀನಿ."

"ನಿನ್ನ ಕೇಳಿದೋರು ಯಾರು?"

"ಯಾರೂ ಕೇಳಲಿಲ್ಲ. ಆದ್ರೆ ಒಂದು ಹೇಳ್ತೀನಿ. ಆ ಮೂವರೂ ಸತ್ತಾಗ ಅವಳು ಹೆಣ ಯಾರ ಕೈಗೂ ಕೊಡಲಿಲ್ಲ. ತಾನೇ ತೊಳೆದ್ಲು, ತಾನೇ ಬಾಯಿಗೆ ಅನ್ನ ಇಟ್ಲು. ನಾವು ಹಚ್ಚೆ ಉಳಿಸ್ಕೊಳ್ಳೋಕೆ ಲಂಗದೊಳಗೆ ತೂರಿದ್ವಿ. ಅವಳು ಅದನ್ನ ನಿಜ ಅಂತ ತಿಳ್ಕೊಂಡ್ಬಿಟ್ಲು."

ಫೆಂಗವ್ವ ಅನ್ನದ ಬುಟ್ಟಿ ಅವನ ಮುಂದೆ ತಳ್ಳಿದಳು.

ಹುಣ್ಣಿಮೆಯ ಬೆಳಿಗ್ಗೆ ವಿಹಾರ ತುಂಬಿತ್ತು. ಬೋಳು ತಲೆಯ ಮೂನ್ ಗುರುಗಳ ಮುಂದೆ ಕೂತಿದ್ದ. ಕಾವಿಯ ತಟ್ಟೆ ಚಾಪೆಯ ಮೇಲಿತ್ತು. ಮೊದಲ ಸಾಲಿನಲ್ಲಿ ದೊರೆಸಾನಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ತಟ್ಟೆಯನ್ನು ಮುಟ್ಟಿರಲಿಲ್ಲ.

"ಕಾವಿ ಕೊಡೋ ತಾಯಿ ಬರಲಿ," ಎಂದರು ಗುರುಗಳು.

ದೊರೆಸಾನಿ ಏಳಲಿಲ್ಲ. ತಿರುಗಿ ಮೂರನೆಯ ಸಾಲಿನ ಕಡೆ ನೋಡಿದಳು. ಅವಳ ಜೊತೆ ಇಡೀ ಊರು ತಿರುಗಿತು.

ಫೆಂಗವ್ವ ಎದ್ದಳು. ಜನ ದಾರಿ ಬಿಟ್ಟರು. ಅವಳು ಬಗ್ಗಿ ತಟ್ಟೆ ಎತ್ತಿಕೊಂಡಳು. ಮಗ ಎರಡು ಮಾರು ದೂರದಲ್ಲಿದ್ದ, ತಲೆ ಬೋಳಿಸಿದ ಮೇಲೆ ಹುಟ್ಟಿದ ದಿನದ ಹಾಗೇ ಕಾಣುತ್ತಿದ್ದ. ನಾಲ್ಕು ಹೆಜ್ಜೆ ಇಟ್ಟರೆ ಆ ಅಂಚು ಅವಳದೇ. ಎಷ್ಟು ಆಸೆಯಾಯಿತು ಎಂದರೆ ಒಂದು ಹೆಜ್ಜೆ ಇಟ್ಟೇಬಿಟ್ಟಳು. ಆಗ ಪಕ್ಕದಲ್ಲಿ ಕೆಮ್ಮು ಕೇಳಿಸಿತು. ನೋಡಿದಳು. ಊರನ್ನೇ ಕಾದವಳು, ಹೆಗಲ ಮೂಳೆ ಎದ್ದು ಕಾಣುವಷ್ಟು ಬಡವಾಗಿ, ಕತ್ತಲೆಗೆ ಹೆದರಿದ ಮಗುವಿನ ಹಾಗೆ ಅವಳನ್ನೇ ನೋಡುತ್ತಿದ್ದಳು. ಆನೆ, ಕತ್ತಿ ಯಾವುದೂ ಆ ಮುಖದಲ್ಲಿರಲಿಲ್ಲ.

ಫೆಂಗವ್ವ ತಟ್ಟೆಯನ್ನು ಅವಳ ಮಡಿಲಲ್ಲಿಟ್ಟಳು.

"ತಗೊ. ಗಟ್ಟಿಯಾಗಿ ಹಿಡ್ಕೊ, ಬಿಟ್ಟುಗಿಟ್ಟೀಯ," ಎಂದಳು ಗದರುವ ದನಿಯಲ್ಲಿ.

ದೊರೆಸಾನಿ ಎಲ್ಲರೆದುರಿಗೆ ಅತ್ತಳು. ಅಳುತ್ತಲೇ ತಟ್ಟೆ ಚಾಚಿದಳು, ಮೂನ್ ತೆಗೆದುಕೊಂಡ.

ಫೆಂಗವ್ವ ಬಂದು ತನ್ನ ಜಾಗದಲ್ಲಿ ಕೂತಾಗ ಪಕ್ಕದ ಮನೆಯವಳು ತಡೆಯಲಾರದೆ ತಿವಿದಳು. "ನಿಂಗೇನು ಹುಚ್ಚಾ? ಸ್ವರ್ಗಾನೇ ಎತ್ತಿ ಕೊಟ್ಬಿಟ್ಟೆಯಲ್ಲೇ!"

"ಅವಳ ಕೈಲಿ ಅಲ್ಲೀವರೆಗೆ ನಡೆಯೋಕಾಗಲ್ಲ," ಎಂದಳು ಫೆಂಗವ್ವ, ಕಣ್ಣೊರೆಸಿಕೊಳ್ಳುತ್ತ. "ನಾನು ನಡ್ಕೊಂಡು ಹೋಗ್ತೀನಿ ಬಿಡು."