ಪ್ರಮೀಳಾ ಸಿಸ್ಟರ್ ಹೇಳಿದ ಕಾರು

ಸೂಜಿ ಚುಚ್ಚಿ ತೆಗೆದಾಗಿದ್ದರೂ ಮಗು ಇನ್ನೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇತ್ತು. "ಆಯ್ತು ಪುಟ್ಟಿ, ಮುಗೀತು, ಕಣ್ಬುಡು," ಎಂದು ಪ್ರಮೀಳಾ ಹತ್ತಿಯಿಂದ ಅದರ ತೋಳು ಉಜ್ಜುತ್ತಿದ್ದಾಗ ತಾಯಿ ಸುನಿತಾ ಕೇಳಿದಳು: "ಸಿಸ್ಟರ್, ನೀವು ಮಸ್ಕತ್‌ನಲ್ಲಿದ್ರಂತೆ. ಅಲ್ಲಿ ಕಾರೂ ಓಡುಸ್ತಿದ್ರಂತೆ, ನಿಜವಾ?"

"ನಾಲ್ಕು ವರ್ಷ ಇದ್ದೆ. ಯಾಕೆ?"

"ನಮ್ಮೆಜಮಾನ್ರಿಗೆ ಅಲ್ಲಿ ಕೆಲ್ಸ ಸಿಕ್ಕದೆ. ಕಂಪೆನಿಯವ್ರೇ ಸಾಲ ಕೊಟ್ಟು ಕಾರು ಕೊಡುಸ್ತಾರಂತೆ. ಎರಡ್ರಲ್ಲಿ ಒಂದ ಆರಿಸಿ ತಿಳಿಸಿ ಅಂತ ಕಾಗದ ಬರ್ದವ್ರೆ. ಸಣ್ಣ ಕಾರು, ಊರೊಳಗೆ ಓಡಾಡಕ್ಕೆ. ನಮ್ಗೆ ಏನ್ ಗೊತ್ತಾಯ್ತದೆ ಹೇಳಿ? ಭಾನ್ವಾರ ಅವ್ರನ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ?"

ಸುನಿತಾ ಕೆ.ಆರ್. ಪೇಟೆ ಕಡೆಯ ಹುಡುಗಿ. ಮಗುವಿಗೆ ಮೂರು ವರ್ಷ, ಹುಟ್ಟಿದಾಗಿನಿಂದ ಉಬ್ಬಸ. ಶ್ರೀರಂಗಪಟ್ಟಣದ ಈ ಸಣ್ಣ ನರ್ಸಿಂಗ್ ಹೋಮಿಗೆ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದಳು. ಆದರೆ ಗಂಡ ಒಮ್ಮೆಯೂ ಜೊತೆಗೆ ಬಂದದ್ದಿಲ್ಲ. ಹಾಗಾಗಿ ಪ್ರಮೀಳಾ ಸುಮ್ಮನೆ ಮಾತಿಗೆ ಎಂಬಂತೆ ಅವನ ಹೆಸರು ಕೇಳಿದಳು.

"ಮಂಜುನಾಥ ಅಂತ. ಕ್ಯಾತನಹಳ್ಳಿಯವ್ರು."

ಪ್ರಮೀಳಾಳ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಹತ್ತಿಯನ್ನು ಬುಟ್ಟಿಗೆ ಎಸೆದಳು, ಸಿರಿಂಜಿನ ಸೂಜಿ ಬಿಡಿಸಿದಳು, ಕೈ ತೊಳೆದಳು. ಆಮೇಲೆ, "ಬನ್ನಿ. ಪಾಲಹಳ್ಳಿಲಿ ಬೋರಯ್ಯನ ಮನೆ ಅಂದ್ರೆ ಯಾರು ಬೇಕಾದ್ರೂ ತೋರುಸ್ತಾರೆ," ಎಂದಳು. ಮನೆಯ ಗುರುತು ಕ್ಯಾತನಹಳ್ಳಿಯ ಮಂಜುನಾಥನಿಗೆ ಯಾರೂ ತೋರಿಸಬೇಕಾಗಿರಲಿಲ್ಲ.

ಏಳು ವರ್ಷದ ಹಿಂದೆ, ತೊಂಬತ್ತರ ಬೇಸಿಗೆಯಲ್ಲಿ, ಅದೇ ಮನೆಯ ಜಗಲಿಯ ಮೇಲೆ ಅವನು ಅವಳಿಗೆ ಉಂಗುರ ತೊಡಿಸಿದ್ದ. ಪ್ರಮೀಳಾ ಆಗ ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ರಜೆ ಮುಗಿಸಿ ಹೋಗಿ, ಕರಾರು ಮುಗಿದ ಮೇಲೆ ದೀಪಾವಳಿ ಹೊತ್ತಿಗೆ ಬಂದು ಮದುವೆಯಾಗುವುದೆಂದು ಮಾತಾಗಿತ್ತು. ಅವಳು ಹೋದ ಮೂರನೇ ತಿಂಗಳಿಗೆ ಇರಾಕಿನ ಸೈನ್ಯ ಊರೊಳಗೆ ನುಗ್ಗಿತು. ಆಸ್ಪತ್ರೆಯ ಹೆಚ್ಚಿನ ಜನ ಸಿಕ್ಕ ಸಿಕ್ಕ ದಾರಿ ಹಿಡಿದರು. ದಿನ ತುಂಬುವ ಮುಂಚೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದ ಹನ್ನೊಂದು ಎಳೆಗೂಸುಗಳನ್ನು ಬಿಟ್ಟು ಹೋಗಲಾರದೆ ಅವಳೂ ಇನ್ನಿಬ್ಬರೂ ಉಳಿದುಕೊಂಡರು. ಉಪ್ಪು ಹಾಕಿದ ಅನ್ನ ತಿಂದು ನಲವತ್ತು ದಿನ ಕಳೆದರು. ಮಕ್ಕಳನ್ನೆಲ್ಲ ಅವರವರ ತಾಯಂದಿರ ಕೈಗೆ ಕೊಟ್ಟ ಮೇಲೆ ಬಸ್ಸಿನಲ್ಲಿ ಮರುಭೂಮಿ ದಾಟಿ, ಅಮ್ಮಾನ್‌ನಲ್ಲಿ ವಿಮಾನ ಹತ್ತಿ, ಮುಂಬಯಿಯಿಂದ ರೈಲಿನಲ್ಲಿ ಊರಿಗೆ ಬಂದಳು. ಕೈಯಲ್ಲಿ ಒಂದೇ ಒಂದು ಚೀಲ.

ಅವಳು ಬಂದ ವಾರಕ್ಕೆ ಮಂಜುನಾಥ ತನ್ನ ಸೋದರಮಾವನ ಜೊತೆ ಪಾಲಹಳ್ಳಿಗೆ ಬಂದ. ಮನೆಗೆ ಬರಲಿಲ್ಲ. ಚಲುವಯ್ಯನ ಹೋಟೆಲಿನ ಬೆಂಚಿನ ಮೇಲೆ ಕೂತು, ಹತ್ತು ಜನರ ಎದುರಿಗೆ, ಕಾಫಿ ಕುಡಿಯುತ್ತ ಹೇಳಿದ: "ಮಿಲಿಟ್ರಿಯವ್ರ ಮಧ್ಯ ಒಂದೂವರೆ ತಿಂಗ್ಳು ಇದ್ದು ಬಂದೋಳು. ಏನಾಗದೋ ಏನಿಲ್ವೋ ಯಾರ್ ಕಂಡವ್ರೆ? ನಾವು ಕಣ್ಮುಚ್ಕೊಂಡು ತಾಳಿ ಕಟ್ಟಕಾಯ್ತದಾ?"

ಲೋಟ ಕೆಳಗಿಟ್ಟು ಬಸ್ಸು ಹತ್ತಿ ಹೋದ. ಮಾತು ಮಾತ್ರ ಹೋಗಲಿಲ್ಲ. ನಲ್ಲಿಯ ಹತ್ತಿರ, ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ, ಆಲೆಮನೆಯಲ್ಲಿ, ಎಲ್ಲ ಕಡೆ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಚಲುವಯ್ಯನ ಹೋಟೆಲಿನಲ್ಲಿ ಕಾಫಿ ಕುಡಿದಿದ್ದ ಅವಳ ಅಪ್ಪ ಬೋರಯ್ಯ ಆಮೇಲೆ ಆ ಬೀದಿಯನ್ನೇ ಬಿಟ್ಟರು. ಗದ್ದೆಗೆ ಹೋಗಬೇಕಾದರೆ ಬದುವಿನ ಮೇಲೆ ಅರ್ಧ ಮೈಲಿ ಬಳಸಿ ಹೋಗುತ್ತಿದ್ದರು. ಒಂದೂವರೆ ವರ್ಷಕ್ಕೆ ತೀರಿಕೊಂಡರು. ಡಾಕ್ಟರು ಹೃದಯ ಅಂದರು. ಪ್ರಮೀಳಾಳ ಲೆಕ್ಕದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಆಮೇಲೆ ಅವಳು ಮಸ್ಕತ್ತಿಗೆ ಕೆಲಸಕ್ಕೆ ಹೋಗಿ, ನಾಲ್ಕು ವರ್ಷದ ಮೇಲೆ, ತಾಯಿಗೆ ಕಣ್ಣು ಮಂಜಾದಾಗ ವಾಪಸು ಬಂದಿದ್ದಳು.

ಸುನಿತಾ ಗಂಡನ ಹೆಸರು ಹೇಳಿದ ಆ ಬುಧವಾರದಿಂದ ಭಾನುವಾರದವರೆಗೆ ಅವಳಿಗೆ ಊಟ ರುಚಿಸಲಿಲ್ಲ, ಆದರೆ ಮೈಯಲ್ಲಿ ಎಂದೂ ಇಲ್ಲದ ಚುರುಕು ಬಂದಿತ್ತು. ಸುನಿತಾ ಆ ಎರಡು ಕಾರಿನ ಬಣ್ಣದ ಪುಸ್ತಿಕೆಗಳನ್ನು ಮುಂಚೆಯೇ ತಂದುಕೊಟ್ಟು ಹೋಗಿದ್ದಳು. ಒಂದು ಬಿಳಿ ಕಾರು, ಮುದ್ದೆ ಮುದ್ದೆಯಾಗಿ, ನೋಡಲು ಏನೂ ಅಲ್ಲ. ಪ್ರಮೀಳಾ ಮಸ್ಕತ್ತಿನಲ್ಲಿ ಮೂರು ವರ್ಷ ಓಡಿಸಿದ್ದು ಅದನ್ನೇ. ಎಣ್ಣೆ ಬದಲಿಸಿದ್ದು ಬಿಟ್ಟರೆ ಇನ್ನೇನೂ ಕೇಳದ ಗಾಡಿ. ಇನ್ನೊಂದು ಕೆಂಪು, ಮೂತಿ ಚೂಪು, ಒಳಗೆ ಮಖಮಲ್ಲಿನ ಸೀಟು. ಅದು ಅವಳ ಜೊತೆಯ ನರ್ಸ್ ಒಬ್ಬಳ ಹತ್ತಿರ ಇತ್ತು. ಮಸ್ಕತ್ತಿನ ರೂವಿ ಪೇಟೆಯ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತು. ಏಸಿ ಆರಿಸಬೇಕು, ಕಿಟಕಿ ಇಳಿಸಬೇಕು, ಆಮೇಲೆ ಇಂಜಿನ್ನೇ ನಿಂತು ದಾರಿ ಮಧ್ಯೆ ಬೇಯಬೇಕು.

ಕೆಂಪು ಕಾರು ತಗೊಳ್ಳಿ ಎನ್ನುವುದೆಂದು ಬುಧವಾರವೇ ನಿಶ್ಚಯಿಸಿದಳು. ಮಾತ್ರೆ ಎಣಿಸುವಾಗ, ಬಸ್ಸಿಗೆ ಕಾಯುವಾಗ ಆ ಮಾತನ್ನೇ ಅಭ್ಯಾಸ ಮಾಡಿದಳು. ಟೈ ಕಟ್ಟಿದ ಮಂಜುನಾಥ ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಕಾರು ತಳ್ಳುತ್ತಿರುವುದು, ಹಿಂದಿನವರು ಹಾರ್ನು ಹೊಡೆಯುತ್ತಿರುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗುವೂ ಕಾಣುತ್ತಿತ್ತು. ಅದು ಕಂಡಾಗ ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಭಾನುವಾರ ಹನ್ನೊಂದಕ್ಕೆ ಅವರು ಬಂದರು. ಮಂಜುನಾಥ ದಪ್ಪಗಾಗಿದ್ದ, ಮುಂದಲೆ ಬೋಳಾಗಿತ್ತು. ಜಗಲಿ ಹತ್ತುವಾಗ ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಂಡ. ಹೆಂಡತಿಗೆ ಏನೆಂದು ಹೇಳಿ ತಪ್ಪಿಸಿಕೊಳ್ಳುವುದು ತಿಳಿಯದೆ ಬಂದಿದ್ದಾನೆಂದು ಪ್ರಮೀಳಾಗೆ ನೋಡಿದೊಡನೆ ಅರ್ಥವಾಯಿತು. ಒಳಗೆ ಕೋಣೆಯಲ್ಲಿ ಅವಳ ತಾಯಿ ದ್ಯಾವಮ್ಮ ಮಲಗಿದ್ದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಬಂದವರು ಯಾರೆಂದು ಅವರಿಗೆ ಕಾಣುವ ಹಾಗಿರಲಿಲ್ಲ.

"ಇವ್ರೇ ನೋಡಿ ಪ್ರಮೀಳಾ ಸಿಸ್ಟರು," ಎಂದಳು ಸುನಿತಾ.

"ನಮಸ್ಕಾರ," ಎಂದ ಅವನು. ಮೊದಲ ಸಲ ಭೇಟಿಯಾದವನ ಹಾಗೆ.

ಪ್ರಮೀಳಾ ಪುಸ್ತಿಕೆಗಳನ್ನು ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟಳು. ನಾಲಿಗೆಯ ತುದಿಯಲ್ಲಿ ಸುಳ್ಳು ಸಿದ್ಧವಾಗಿತ್ತು. ಹೇಳುವ ಮುಂಚೆ ಒಮ್ಮೆ ತಲೆ ಎತ್ತಿ ಅವನ ಮುಖ ನೋಡಿದಳು. ಅವನು ಪುಸ್ತಿಕೆಯನ್ನು ನೋಡುತ್ತಿರಲಿಲ್ಲ. ಅವಳ ತುಟಿಯನ್ನೇ ನೋಡುತ್ತಿದ್ದ, ಸಂತೆಯಲ್ಲಿ ದನದ ಹಲ್ಲು ನೋಡುವವನ ಹಾಗೆ. ಇವಳು ಮೋಸ ಮಾಡುತ್ತಾಳೆ, ಮಾಡದೆ ಬಿಡುವುದಿಲ್ಲ ಎಂದು ಆ ಕಣ್ಣಿನಲ್ಲಿ ಬರೆದಿತ್ತು. ಅವಳಿಗೆ ಆ ಕ್ಷಣದಲ್ಲಿ ಹೊಳೆಯಿತು: ಸುಳ್ಳು ಹೇಳಿದರೆ ಇವನು ಉಳಿದುಕೊಳ್ಳುತ್ತಾನೆ. ಇವನನ್ನು ಕೆಡಿಸಬೇಕಾದರೆ ನಿಜ ಹೇಳಬೇಕು.

"ಬಿಳೀದು ತಗೊಳಿ," ಎಂದಳು. "ಮೂರು ವರ್ಷ ನಾನೇ ಓಡ್ಸಿದ್ದೀನಿ. ಒಂದಿನ ಕೈ ಕೊಟ್ಟಿಲ್ಲ. ಸಣ್ಣ ಸಂದಿಲೂ ತಿರುಗ್ತದೆ, ಎಲ್ಲಿ ಬೇಕಾದ್ರೂ ನಿಲ್ಲಿಸ್ಬೌದು. ಕೆಂಪುದು ನೋಡಕ್ಕೆ ಚೆಂದ ಅಷ್ಟೆ. ಟ್ರಾಫಿಕ್‌ನಲ್ಲಿ ನಿಂತ್ರೆ ಕಾಯ್ತದೆ, ಏಸಿ ಹೋಗ್ತದೆ. ಉಬ್ಬಸದ ಮಗು ಇಟ್ಕೊಂಡು ಆ ಬಿಸಿಲಲ್ಲಿ ಅದರ ಸಾವಾಸ ಬ್ಯಾಡ."

ಸುನಿತಾ ಪರ್ಸಿನಿಂದ ಚೀಟಿ ತೆಗೆದು ಎಲ್ಲವನ್ನೂ ಬರೆದುಕೊಂಡಳು. ಮಂಜುನಾಥ ಬಿಳಿ ಕಾರಿನ ಪುಸ್ತಿಕೆಯನ್ನು ಮಡಿಸಿ ಬದಿಗಿಟ್ಟ, ಕೆಂಪು ಕಾರಿನದನ್ನು ನಿಧಾನವಾಗಿ ತಿರುವಿ ಹಾಕಿದ. ಅವನ ತುಟಿಯಂಚಿನಲ್ಲಿ ಸಣ್ಣ ನಗೆ ಇತ್ತು, ಕಳ್ಳನನ್ನು ಹಿಡಿದವನ ನಗೆ.

"ತುಂಬಾ ಉಪಕಾರ ಆಯ್ತು," ಎಂದ.

"ನಂಬೋದು ಬುಡೋದು ನಿಮಗೆ ಸೇರಿದ್ದು," ಎಂದಳು ಪ್ರಮೀಳಾ. ಅವರು ಹೋದ ಮೇಲೆ, ಎಷ್ಟೋ ದಿನದ ಮೇಲೆ, ಎರಡು ಮುದ್ದೆ ಉಂಡಳು.

ಮರುವರ್ಷ ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ, ಮಸ್ಕತ್ತಿನಿಂದ ರಜೆಗೆ ಬಂದಿದ್ದ ಸುನಿತಾ ಮಗುವಿನ ಕೈ ಹಿಡಿದು ಒಬ್ಬಳೇ ಜಗಲಿ ಹತ್ತಿ ಬಂದಳು. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ.

"ಕೆಂಪು ಕಾರೇ ತಗೊಂಡ್ರು," ಎಂದಳು. "ನಾನ್ ಎಷ್ಟು ಹೇಳಿದ್ರೂ ಕೇಳ್ನಿಲ್ಲ. ಹೋದ್ ವರ್ಸ ಜುಲೈನಲ್ಲಿ ರೂವಿ ಹತ್ರ ನಿಂತೋಯ್ತು. ಇವ್ಳು ಹಿಂದ್ಗಡೆ. ಉಸ್ರು ಕಟ್ಟಿ ತುಟಿಯೆಲ್ಲ ನೀಲಿ ಆಗೋಯ್ತು ಅಕ್ಕ. ಯಾರೋ ಪುಣ್ಯಾತ್ಮ ಅವ್ನ ಗಾಡಿಲಿ ಆಸ್ಪತ್ರೆಗೆ ಬುಟ್ಟ. ನಾಲ್ಕು ದಿನ ಮೂಗಿಗೆ ಕೊಳವೆ."

ಪ್ರಮೀಳಾ ಮಗುವನ್ನು ನೋಡಿದಳು. ಅದು ಸೊರಗಿತ್ತು. ತಾಯಿಯ ಸೆರಗಿನ ಹಿಂದೆ ನಿಂತು ಅವಳನ್ನೇ ದಿಟ್ಟಿಸುತ್ತಿತ್ತು.

"ಸಿಸ್ಟರ್ ಅಷ್ಟು ಬಿಡಿಸಿ ಹೇಳಿದ್ರೂ ಯಾಕೆ ಅದ್ನೇ ತಗೊಂಡ್ರಿ ಅಂತ ದಿನಾ ಕೇಳ್ದೆ. ಊಟಕ್ಕಿಕ್ಕಿ ಕೇಳ್ದೆ, ಊಟಕ್ಕಿಕ್ದೇನೂ ಕೇಳ್ದೆ. ಆರು ತಿಂಗ್ಳು ಬಾಯಿ ಬುಡ್ನಿಲ್ಲ. ಕೊನೆಗೊಂದಿನ, ಅವ್ಳು ನಮ್ಗೆ ಒಳ್ಳೇದು ಹೇಳಕ್ಕೆ ಸಾಧ್ಯನೇ ಇಲ್ಲ ಅಂದ್ಕೊಂಡೆ ಕಣೇ ಅಂದ್ರು. ಯಾಕೆ ಅಂದೆ. ಆಗ ಎಲ್ಲಾನೂ ಕಕ್ಕಿದ್ರು." ಸುನಿತಾಳ ದನಿ ಒಡೆಯಿತು. "ಮದ್ವೆಗ್ ಮುಂಚೆ ನಮ್ಮೂರಲ್ಲೂ ಆ ಮಾತು ಬಂದಿತ್ತು ಅಕ್ಕ. ಪಾಲಹಳ್ಳಿ ನರ್ಸು ಅಂತಿದ್ರು, ಅದು ನೀವೇ ಅಂತ ಗೊತ್ತಿರ್ನಿಲ್ಲ. ನಾನೂ ನಕ್ಕಿದ್ದೆ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಅವ್ರನ್ನ ಕರ್ಕೊಂಡೇ ಬಂದಿದ್ದೀನಿ," ಎಂದಳು ಸುನಿತಾ. "ಎಲ್ಲಿ ಆಡಿದ್ರೋ ಅಲ್ಲೇ ಹೇಳ್ಬೇಕು ಅಂದೆ. ಹೋಟ್ಲತ್ರ ನಿಂತವ್ರೆ."

ಪ್ರಮೀಳಾ ಸೀರೆ ಬದಲಿಸಲಿಲ್ಲ, ತಲೆ ಬಾಚಲಿಲ್ಲ. ಇದ್ದ ಹಾಗೆಯೇ ಬೀದಿಗಿಳಿದಳು. ಎಂಟು ವರ್ಷದಲ್ಲಿ ಒಮ್ಮೆಯೂ ಅವಳು ಚಲುವಯ್ಯನ ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ಈಗ ಹತ್ತಿ, ಮಧ್ಯದಲ್ಲಿ ನಿಂತಳು. ಗಲ್ಲಾದ ಹಿಂದೆ ಮುದುಕನಾಗಿದ್ದ ಚಲುವಯ್ಯ, ಬೆಂಚಿನ ಮೇಲೆ ಮುದ್ದಯ್ಯ, ನಂಜಪ್ಪ. ಅಂದು ಕೇಳಿಸಿಕೊಂಡ ಹತ್ತು ಜನರಲ್ಲಿ ಇವತ್ತು ಅಲ್ಲಿದ್ದವರು ಆ ಮೂವರೇ.

ಮಂಜುನಾಥ ನೆಲ ನೋಡುತ್ತ ಏನೋ ಗೊಣಗಿದ.

"ಕೇಳುಸ್ನಿಲ್ಲ," ಎಂದಳು ಪ್ರಮೀಳಾ. "ಚಲುವಯ್ಯನೋರೆ, ಆ ರೇಡಿಯೋ ಆರ್ಸಿ. ಇವ್ರು ಅವತ್ತು ಹೇಳಿದ್ದು ಎಲ್ರಿಗೂ ಕೇಳುಸ್ತು. ಇವತ್ತೂ ಕೇಳುಸ್ಲಿ."

ಚಲುವಯ್ಯ ರೇಡಿಯೋ ಆರಿಸಿದ. ಮಂಜುನಾಥನ ಕುತ್ತಿಗೆ ಬೆವರಿತ್ತು. "ಎಂಟು ವರ್ಸದ ಹಿಂದೆ ಇಲ್ಲಿ ಕುಂತ್ಕೊಂಡು ಬೋರಯ್ಯೋರ ಮಗಳ ಮೇಲೆ ಮಾತಾಡಿದ್ದೆ. ನಂಗೆ ಏನೂ ಗೊತ್ತಿರ್ನಿಲ್ಲ. ಸುಳ್ಳು ಹೇಳ್ದೆ. ತಪ್ಪಾಯ್ತು."

"ಇನ್ನೊಂದ್ಸಲ."

ಅವನು ಹೆಂಡತಿಯ ಕಡೆ ನೋಡಿದ. ಸುನಿತಾ ಬೀದಿಯ ಕಡೆಗೆ ಮುಖ ತಿರುಗಿಸಿಕೊಂಡಳು. ಅವನು ಇನ್ನೊಂದು ಸಲ ಹೇಳಿದ. ಅಷ್ಟು ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸರು ನಾಲ್ಕಾರು ಜನ ನಿಂತಿದ್ದರು. ಅವಳು ಮೂರನೇ ಸಲವೂ ಹೇಳಿಸಿದಳು.

"ಸಾಕು ಬುಡವ್ವಾ," ಎಂದ ಮುದ್ದಯ್ಯ. "ಪಾಪ, ಬೋರಣ್ಣ ಇದ್ದಿದ್ರೆ..."

"ಇಲ್ವಲ್ಲ ಮಾವ," ಎಂದಳು ಪ್ರಮೀಳಾ. ಮುದ್ದಯ್ಯ ತನ್ನ ಲೋಟದ ಕಡೆ ತಲೆ ತಗ್ಗಿಸಿದ.

ಮಂಜುನಾಥ ತಾವು ಬಂದಿದ್ದ ಆಟೋದಲ್ಲಿ ಹೋಗಿ ಕುಳಿತ. ಸುನಿತಾ ಮಾತ್ರ ಮಗುವನ್ನು ಎತ್ತಿಕೊಂಡು ಪ್ರಮೀಳಾಳ ಜೊತೆ ಮನೆಯ ತನಕ ಬಂದಳು. ದಾರಿಯಲ್ಲಿ, ಆ ಕೆಂಪು ಕಾರನ್ನು ಬಂದಷ್ಟಕ್ಕೆ ಕೊಟ್ಟು ಬಿಳಿಯದನ್ನು ತಗೊಂಡೆವು, ನಾನೇ ಕಲಿತು ಓಡಿಸ್ತಾ ಇದ್ದೀನಿ ಎಂದು ಹೇಳಿದಳು. ಜಗಲಿಯ ಹತ್ತಿರ ನಿಂತಾಗ ಅವಳ ಮುಖದಲ್ಲಿ ಇನ್ನೂ ಏನೋ ಉಳಿದಿತ್ತು.

"ಒಂದ್ ಮಾತು ಕೇಳ್ತೀನಿ ಅಕ್ಕ, ಬೇಜಾರ್ ಮಾಡ್ಕೊಬೇಡಿ. ಅವತ್ತು ಬಿಳೀದು ತಗೊಳಿ ಅಂದ್ರಲ್ಲ. ಅವ್ರು ನಂಬಲ್ಲ ಅಂತ ನಿಮ್ಗೆ ಗೊತ್ತಿತ್ತಾ?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ಅವಳು ಆಡಿದ ಒಂದು ಮಾತಿನಲ್ಲೂ ಸುಳ್ಳಿರಲಿಲ್ಲ, ಸುನಿತಾ ಬರೆದುಕೊಂಡ ಚೀಟಿಯೇ ಸಾಕ್ಷಿ ಹೇಳುತ್ತಿತ್ತು. ಪ್ರಮೀಳಾ ಮಗುವಿನ ತೆಳ್ಳನೆಯ ಮಣಿಕಟ್ಟು ನೋಡಿದಳು.

"ಗೊತ್ತಿತ್ತು," ಎಂದಳು.

ಸುನಿತಾ ತಲೆಯಾಡಿಸಿದಳು. ಒಂದೇ ಒಂದು ಸಲ. ಆಮೇಲೆ ಮಗುವಿನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, ಬರ್ತೀನಿ ಎಂದೂ ಹೇಳದೆ, ಆಟೋದ ಕಡೆ ಬಿರಬಿರನೆ ನಡೆದಳು.

ಒಳಗಿನಿಂದ ದ್ಯಾವಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. "ಯಾರವ್ವಾ ಬಂದಿದ್ದು? ಮಗಾನೂ ಇತ್ತಾ?"

"ಊಂ."

"ತಿನ್ನಕ್ಕೆ ಏನಾರಾ ಕೊಟ್ಟಾ?"

ಪ್ರಮೀಳಾ ಅಡಿಗೆಮನೆಗೆ ಓಡಿದಳು. ತೂಗುಹಾಕಿದ್ದ ಗೊನೆಯಿಂದ ಕೈಗೆ ಸಿಕ್ಕಷ್ಟು ಬಾಳೆಹಣ್ಣು ಕಿತ್ತುಕೊಂಡು, ಬರಿಗಾಲಿನಲ್ಲೇ ಬೀದಿಯ ಕೊನೆಯವರೆಗೂ ಓಡಿದಳು. ಆಟೋ ಆಗಲೇ ನಾಲೆಯ ಸೇತುವೆ ದಾಟಿ, ಕಬ್ಬಿನ ಗದ್ದೆಗಳ ನಡುವೆ ಸಣ್ಣದಾಗುತ್ತಿತ್ತು. ಅವಳು ಸೇತುವೆಯ ಕಟ್ಟೆಯ ಹತ್ತಿರ ನಿಂತಳು. ಕೆಳಗೆ ಹೊಸ ನೀರು ಅಂಚಿನವರೆಗೂ ತುಂಬಿ, ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು.