ಬುರಾನುಸ್ತಾದನ ಚಿಮಟಾ

ಬುರಾನುದ್ದೀನ ಉಸ್ತಾದ ಮನುಷ್ಯರ ಮಾತನ್ನೂ ಎಂಜಿನ್ನಿನ ಸದ್ದಿನಂತೆಯೇ ಆಲಿಸುತ್ತಿದ್ದ. ಎದುರಿಗಿದ್ದವರ ಮುಖ ನೋಡದೆ, ಕೊರಳನ್ನು ಬಲಕ್ಕೆ ವಾಲಿಸಿ, ಕಣ್ಣು ಅರೆಮುಚ್ಚಿ ನಿಲ್ಲುವನು. ಮಾತಿನಲ್ಲಿ ಎಲ್ಲಾದರೂ ಸುಳ್ಳು ಖಟಕ್ಕೆಂದರೆ, "ಇನ್ನೊಮ್ಮಿ ಶುರು ಮಾಡ್ರಿ" ಎನ್ನುವನು. ಆಳಂದದಲ್ಲಿ ಅವನ ರಿಪೇರಿ ಕಾರಖಾನೆಗೂ ವಿಧವೆ ನಿಂಬೆವ್ವನ ಅಂಗಳಕ್ಕೂ ನಡುವೆ ಒಂದು ಮೋಟುಗೋಡೆ. ಜೋಳ ಹಸನು ಮಾಡುತ್ತ ಕೂತಲ್ಲಿಂದಲೇ ಆಕೆ ಗೋಡೆಯಾಚೆಯದನ್ನೆಲ್ಲ ಕಿವಿಯಿಂದ ಬಲ್ಲಳು.

ಬೇಸಿಗೆಯಲ್ಲೂ ಕಳಚದ ಖಾಕಿ ಕೋಟಿನ ಒಂದು ಕಿಸೆಯಲ್ಲಿ ಎಣ್ಣೆ ಒರೆಸುವ ಹತ್ತಿ, ಇನ್ನೊಂದರಲ್ಲಿ ತಿನ್ನಲು ಹುರಿದ ಕಡಲೆ, ಪುಠಾಣಿ. ಕೆಲಸದ ಗುಂಗಿನಲ್ಲಿ ಹತ್ತಿಯನ್ನೇ ಬಾಯಿಗಿಟ್ಟುಕೊಂಡು ಉಗುಳಿದ್ದೂ ಉಂಟು. ಅಫಜಲಪುರ, ಜೇವರ್ಗಿ ಸೀಮೆಯ ನೀರೆತ್ತುವ ಎಂಜಿನ್ನುಗಳಿಗೆ ಅವನೇ ವೈದ್ಯ. ಸೊಲ್ಲಾಪುರದ ಹಳೆಕಬ್ಬಿಣದ ಮೋಡಕಾ ಬಜಾರದಿಂದ ಒಂದೊಂದೇ ಸಾಮಾನು ತಂದು ತಾನೇ ಕಟ್ಟಿದ ಮೋಟಾರ್ ಸೈಕಲ್ಲನ್ನು, ಅವನ ಫಟಫಟಿಯನ್ನು, ಏರಿ, ಭೀಮೆಯನ್ನು ದೋಣಿಯಲ್ಲಿ ದಾಟಿಸಿ, ಅವನ್ನು ನೋಡಲು ಹೋಗುತ್ತಿದ್ದ. ಅವನದೊಂದು ಹಟ: ರಿಪೇರಿಗೆ ಬಂದ ಒಬ್ಬರ ಗಾಡಿಯ ತಿರುಪನ್ನೂ ಇನ್ನೊಬ್ಬರ ಗಾಡಿಗೆ ಹಚ್ಚುತ್ತಿರಲಿಲ್ಲ.

ನಲವತ್ತೇಳರಲ್ಲಿ ದೇಶಕ್ಕೆ ಬಂದ ಸ್ವಾತಂತ್ರ್ಯ ನಿಜಾಮರ ಗಡಿಯಾಚೆಯೇ ನಿಂತಿತು. ಮರುವರ್ಷ, ನಿಜಾಮರ ಪರದ ಬಂದೂಕಿನವರಿಗೆ ಅಂಜಿ, ಹವಳಗಾದ ಮಾಳಿಂಗಪ್ಪ ಹೆಂಡತಿ ಮಕ್ಕಳೊಡನೆ ಸೊಲ್ಲಾಪುರಕ್ಕೆ ಹೊರಟಾಗ ತನ್ನ ಹಳೆಯ ಫಟಫಟಿಯನ್ನು ಉಸ್ತಾದನ ಬಳಿ ಬಿಟ್ಟ. "ಇದು ನನ್ನ ಕಡೆ ನಂಬಿ ಇಟ್ಟ ಅಮಾನತ ಅದರಿ," ಎಂದ ಉಸ್ತಾದ, "ಬಿಟ್ಟು ಹೋದಂಗೇ ಒಯ್ತೀರಿ."

ಶ್ರಾವಣದಲ್ಲಿ, ಊರು ಬಿಟ್ಟವರ ವಾಹನಗಳನ್ನು ಬಂದೂಕಿನವರು ಎಳೆದೊಯ್ಯುತ್ತಿದ್ದಾರೆಂಬ ಸುದ್ದಿ ಬಂತು. ಉಸ್ತಾದ ಮಾಳಿಂಗಪ್ಪನ ಗಾಡಿಯ ಮುಂಭಾಗವನ್ನೇ ಕಳಚಿದ: ಹ್ಯಾಂಡಲ್ಲು, ಗಾಲಿ, ಆ ಗಾಲಿಯನ್ನು ಇಕ್ಕೆಲದಿಂದ ಹಿಡಿಯುವ ಚಿಮಟಾ. ಅಡಗಿಸಲು ಜಾಗವೊಂದೇ, ನಿಂಬೆವ್ವನ ಅಂಗಳದಡಿ ಜೋಳ ತುಂಬಿಟ್ಟ ನೆಲಗಣಜ, ಅವಳ ಹಗೇವು.

"ಮಳಿಗಾಲ್ದಾಗ ಹಗೇವಿನ ಬಾಯಿ ತೆರದ್ರ ಊರಾಗ ನನಗ ಹುಚ್ಚಿ ಅಂತಾರ," ಎಂದಳು ನಿಂಬೆವ್ವ. ಅವನು ಕೊರಳು ವಾಲಿಸಿ ಕೇಳುತ್ತಲೇ ಇದ್ದ. "ಹಿಂಗ್ಯಾಕ ನಿಂತೀ, ನಾ ಏನು ಎಂಜಿನ್ನೇನು? ಬಾಯಿಗಲ್ಲು ಎತ್ತು, ಬಾ."

ಬಂದೂಕಿನವರು ಬಂದು, ಮುಂಡದಂತೆ ಬಿದ್ದಿದ್ದ ಗಾಡಿಯನ್ನು ಕಾಲಿನಿಂದ ತಿವಿದು ಬಿಟ್ಟು ಹೋದರು. ಉಸ್ತಾದನ ಸ್ವಂತದ್ದನ್ನು, ನಮ್ಮ ಮತದವನದೆಂದು, ಮುಟ್ಟಲಿಲ್ಲ.

ಭಾದ್ರಪದದಲ್ಲಿ ಹಿಂದುಸ್ತಾನದ ದಂಡು ಬಂತು, ನಿಜಾಮರ ಆಳಿಕೆ ಮುಗಿಯಿತು. ಈಗ ಬಾಗಿಲು ಮುಚ್ಚಿ ಕೂರುವ ಸರದಿ ಉಸ್ತಾದನ ಮತದವರದು. ಅಷ್ಟರಲ್ಲಿ ಮಾಳಿಂಗಪ್ಪ ಬರುವನೆಂಬ ಸುದ್ದಿ ಮುಟ್ಟಿತು. ಹಗೇವು ತೆರೆದರೆ ಹುಳಿ ನಾತ ಮೂಗಿಗೆ ಬಡಿಯಿತು. ಅವಸರದಲ್ಲಿ ಮೆತ್ತಿದ ಬಾಯಿಯಿಂದ ಮಳೆನೀರು ಇಳಿದು, ಗೋಡೆ ಕುಸಿದು, ಅದರ ಕಲ್ಲುಗಳು ಒಳಗೆ ಬಿದ್ದಿದ್ದವು. ಗಾಲಿ ಚಪ್ಪಟೆ, ಚಿಮಟಾ ಕುಡುಗೋಲಿನಂತೆ ಡೊಂಕು, ನಿಂಬೆವ್ವನ ವರ್ಷದ ಜೋಳ ರಾಡಿ. ಅವಳು ಒಂದು ಹಿಡಿ ಎತ್ತಿ ಮೂಸಿ ಕೆಳಗೆ ಹಾಕಿದಳು. ತಪ್ಪು ಎಲ್ಲಿದೆಯೆಂದು ಆಲಿಸಿ ತಿಳಿಯಬೇಕಿರಲಿಲ್ಲ, ಉಸ್ತಾದನ ಕೊರಳು ಅಂದು ನೆಟ್ಟಗೇ ಇತ್ತು.

ಆಮೇಲೆ ಗೋಡೆಯಾಚೆ ಹಗಲೆಲ್ಲ ಅರದ ಸದ್ದು. ಕಳಚುತ್ತಿರುವುದು ಯಾವ ಗಾಡಿಯೆಂದು, ಅದರ ಸಡಿಲು ದೀಪದ ಕಿಣಿಕಿಣಿಯಿಂದಲೇ ನಿಂಬೆವ್ವನಿಗೆ ತಿಳಿಯಿತು. ಅವನ ಸ್ವಂತ ಫಟಫಟಿಯ ಚಿಮಟಾ ಮಾಳಿಂಗಪ್ಪನ ಗಾಡಿಯ ಕುತ್ತಿಗೆಗೆ ಸಣ್ಣದಾಯಿತು. ಹಿತ್ತಾಳೆಯ ಬಳೆಯೊಂದನ್ನು ತೇದು ತೇದು ಸಂದಿಗೆ ಕೂಡಿಸಿದ. ಗಾಲಿ ಮಾತ್ರ ದೊಡ್ಡದು, ಗಾಡಿ ಮೂಗೆತ್ತಿ ನಿಂತಿತು.

"ಉಸ್ತಾದ, ಬೇವಿನ ಗಿಡಕ್ಕ ಕಾಲು ಕೊಟ್ಟ ಆಡಿನಂಗ ಕಾಣಸ್ತದಲ್ಲೋ," ಎಂದು ನಕ್ಕ, ಗಾಡಿ ಒಯ್ಯಲು ಬಂದಿದ್ದ ಮಾಳಿಂಗಪ್ಪನ ಕಣ್ಣು, ಮೂಲೆಯಲ್ಲಿ ಮುಂಭಾಗವಿಲ್ಲದೆ ಬಿದ್ದಿದ್ದ ಇನ್ನೊಂದು ಗಾಡಿಯ ಮೇಲೆ ನಿಂತಿತು. ನಗು ಇಳಿಯಿತು. "ಇದು ನಂದೇ ಏನು?"

"ಹಿಂದಿಂದು ನಿಮ್ದು ಅದರಿ," ಎಂದ ಉಸ್ತಾದ, ಹತ್ತಿಯಿಂದ ಕೈ ಒರೆಸುತ್ತ. "ಮುಂದಿಂದು ನನ್ನ ಮಾತು."

ಆ ಚಳಿಗಾಲ ಅವನು ಎಂಜಿನ್ನುಗಳ ಬಳಿಗೆ ನಡೆದೇ ಹೋದ. ಸುಗ್ಗಿಗೆ ಮೊದಲು, ಯಾರೂ ಕರೆಯದೆ ಬಂದು, ನಿಂಬೆವ್ವನ ಹಗೇವಿನ ಗೋಡೆಯನ್ನು ಕಟ್ಟಿ ಕೊಟ್ಟ. ನೇಮಗಳನ್ನು ಸಾರುವವರು ಎಲ್ಲ ಕಾಲಕ್ಕೂ ಹೇರಳ. ಅವು ತಪ್ಪಿದಾಗ ಉಳಿಯುವ ತೆರವನ್ನು ತಮ್ಮದರಿಂದಲೇ ಕಳಚಿ ತುಂಬುವವರು ವಿರಳ. ಅಂಥವರನ್ನು ದಾರಿಯಲ್ಲೇ ಗುರುತಿಸಬಹುದು: ಅವರು ಧೂಳಿನಲ್ಲಿ ನಡೆದು ಬರುತ್ತಿರುತ್ತಾರೆ, ಅವರ ಮಾತು ಗಾಡಿಯೇರಿ ಮುಂದೆ ಹೋಗಿರುತ್ತದೆ.