ಒಂದು ಲೋಡು ಸೌದೆ

ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದ ಗಂಡನ ಹಣೆಗೆ ಪುಟ್ಟಮಲ್ಲಮ್ಮ ವಿಭೂತಿ ಬಳಿಯುತ್ತಿದ್ದಳು. ಹೆಣ ವಾಲದಂತೆ ಎದೆಗೆ ಪಂಚೆ ಸುತ್ತಿ ಕಂಬಕ್ಕೆ ಕಟ್ಟಿದ್ದರು. ಬೆಳಗಿನ ಜಾವ ಶಾಂತಮಲ್ಲಪ್ಪ ಕ್ವಾರಿ ಗುಂಡಿಯ ನೀರಿನಲ್ಲಿ ಸಿಕ್ಕಿದ್ದ. ಕಾಲು ಜಾರಿರಬೇಕು ಎಂದಿತ್ತು ಕಂಪನಿ.

ಕರಿಕಲ್ಲು ಕಂಪನಿಯ ಮ್ಯಾನೇಜರ್ ಸುಧಾಕರ್ ಸುಮೋದಿಂದ ಇಳಿದ. ಹಿಂದೆಯೇ ಒಂದು ಟ್ರ್ಯಾಕ್ಟರ್ ಸೌದೆ ಬಂದು ನಿಂತಿತು. ಸಂಬಳ ಕೇಳಿದರೆ ಮುಖ ಸಿಂಡರಿಸುವ ಕಂಪನಿಗೆ ಈ ಕರುಣೆ ಎಲ್ಲಿಂದ ಉಕ್ಕಿತೋ!

"ನೀರಲ್ಲಿದ್ದ ಬಾಡಿ, ಜಾಸ್ತಿ ಹೊತ್ತು ಇಟ್ಟುಕೋಬೇಡಿ. ಮಧ್ಯಾಹ್ನದೊಳಗೆ ಸುಟ್ಟುಬಿಡಿ. ಖರ್ಚೆಲ್ಲ ನಮ್ಮದು."

ಪುಟ್ಟಮಲ್ಲಮ್ಮನ ಕೈ ಅರ್ಧಕ್ಕೇ ನಿಂತಿತು.

"ಸುಡದಾ?" ಸತ್ತವನ ಅಣ್ಣ ಪುಟ್ಟಮಲ್ಲಪ್ಪ ಕಕ್ಕಾಬಿಕ್ಕಿಯಾದ. "ಲಿಂಗ ಕಟ್ಟೋರು ಸ್ವಾಮಿ ನಾವು. ಕೂರ್ಸಿ ಮಣ್ಣು ಮಾಡ್ತೀವಿ. ಆಗ್ಲೇ ಗುಂಡಿ ತೋಡ್ತಾವ್ರೆ."

ಸುಧಾಕರನ ಮುಖ ಬಿಳಿಚಿತು. "ಮಣ್ಣಲ್ಲಿ... ಬಾಡಿ ಎಷ್ಟು ದಿನ ಹಾಗೇ ಇರುತ್ತೆ?"

ಸಾವಿನ ಮನೆಯಲ್ಲಿ ಯಾರಾದರೂ ಕೇಳುವ ಮಾತೇ ಇದು?

*

ಹಿಂದಿನ ಸಂಜೆ ಇದೇ ಕಂಬಕ್ಕೆ ಒರಗಿ ಶಾಂತಮಲ್ಲಪ್ಪ ಮುದ್ದೆ ಉಣ್ಣುತ್ತಿದ್ದ. ಕ್ವಾರಿಯ ರಾತ್ರಿ ಕಾವಲು ಅವನ ಕೆಲಸ. ಪಕ್ಕದ ಮನೆಯ ಎಮ್ಮೆ ಹಿತ್ತಲು ಮೇಯ್ದರೂ ಬೈಯಲು ನಾಚುವ ಮನುಷ್ಯ.

"ನಾಳೀಕೆ ಸರ್ವೆಯವ್ರು ಬತ್ತಾರೆ ಕಣಮ್ಮಿ. ಎಲ್ಲೆಕಲ್ಲು ಮೊದ್ಲು ಎಲ್ಲಿತ್ತು ಅಂತ ತೋರ್ಸ್ಬುಡ್ತೀನಿ. ಕಂಪ್ನಿಯೋರು ಅದ್ನ ಕಿತ್ತು ಆಚೆಗ್ ನೆಟ್ಟುದ್ನ ನಾನ್ ನೋಡಿವ್ನಿ. ಊರ ದನ ಮೇಯೋ ಗೋಮಾಳನೆಲ್ಲ ಅಗೆದು ನುಂಗ್ತಾವ್ರೆ."

"ದೊಡ್ಡೋರ ಉಸಾಬರಿ ನಿಮ್ಗ್ಯಾಕೆ? ಸುಮ್ನಿರಿ."

"ಮದ್ಯಾನ್ವೇ ಮ್ಯಾನೇಜರ್ಗೂ ಏಳ್ಬುಟ್ಟೆ. ಅವ್ರ ಅನ್ನ ಉಂಡು, ಇಂದ್ಗಡೆಯಿಂದ ಏಳಕ್ಕಾಯ್ತದಾ?"

ಕೈ ತೊಳೆದು, ಟಾರ್ಚು ಹಿಡಿದು ಹೊರಟೇಬಿಟ್ಟಿದ್ದ.

*

ಪುಟ್ಟಮಲ್ಲಮ್ಮ ಜಗಲಿ ಇಳಿದು ಟ್ರ್ಯಾಕ್ಟರ್ ಹತ್ತಿರ ಹೋದಳು. ಡ್ರೈವರ್ ಚಿಕ್ಕಮಾದಯ್ಯ ಬೀಡಿ ಸೇದುತ್ತಿದ್ದ.

"ಮಾದಣ್ಣ, ಸೌದೆ ಯಾವಾಗ ತುಂಬ್ದೆ?"

"ನೆನ್ನೆ ಸಂಜೇನೇ ಕಣಕ್ಕ, ಸಂತೆಮರಹಳ್ಳಿ ಡಿಪೋಲಿ. ಬೆಳಿಗ್ಗೆ ಇಲ್ಲಿಗೆ, ಹರದನಹಳ್ಳಿಗೆ ಬೇಕಾಯ್ತದೆ ಅಂತ ಮ್ಯಾನೇಜರ್ ಫೋನ್ ಮಾಡಿದ್ರು. ಯಾಕಕ್ಕ?"

"ನೆನ್ನೆ ಸಂಜೆ ನಮ್ಮನೆಯವ್ರು ಇಲ್ಲೇ ಕೂತು ಮುದ್ದೆ ಉಣ್ತಿದ್ರು ಕಣಣ್ಣ."

ಚಿಕ್ಕಮಾದಯ್ಯ ಬೀಡಿ ಎಸೆದು, ತಾನೇ ತುಂಬಿಸಿದ ಸೌದೆಯತ್ತ ನೋಡಿದ.

ಪುಟ್ಟಮಲ್ಲಮ್ಮ ಜಗಲಿಗೆ ಮರಳಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಬಾವ, ಗುಂಡಿ ತೋಡದು ನಿಲ್ಸಿ. ಪೊಲೀಸ್ನೋರು, ಡಾಕ್ಟ್ರು ಬರೋಗಂಟ ಇವ್ರು ಎಲ್ಗೂ ಓಗಲ್ಲ. ಆ ಸೌದೇನೂ ಇಳಿಸ್ಬ್ಯಾಡಿ. ಇವ್ರು ಬದ್ಕಿದ್ದಾಗ್ಲೇ ತುಂಬ್ಸಿರೋ ಸೌದೆ ಅದು."

"ಅಮ್ಮಾ, ದುಃಖದಲ್ಲಿ ಏನೇನೋ ಮಾತಾಡಬೇಡಿ," ಎನ್ನುತ್ತ ಸುಧಾಕರ್ ಮೊಬೈಲು ತೆಗೆದು ಸುಮೋ ಕಡೆ ದಾಪುಗಾಲು ಹಾಕಿದ.

ಸುಮೋ ಹೊರಡುವಂತಿರಲಿಲ್ಲ. ಚಿಕ್ಕಮಾದಯ್ಯ ಟ್ರ್ಯಾಕ್ಟರನ್ನು ಬೀದಿಗೆ ಅಡ್ಡ ನಿಲ್ಲಿಸಿ, ಕೀಲಿಯನ್ನು ಅಂಗಿ ಜೇಬಿಗೆ ಇಳಿಬಿಟ್ಟಿದ್ದ.

ಪುಟ್ಟಮಲ್ಲಮ್ಮ ಗಂಡನ ಹಣೆಯ ಅರ್ಧ ವಿಭೂತಿಯನ್ನು ಪೂರ್ತಿ ಮಾಡಿದಳು. ಶಾಂತಮಲ್ಲಪ್ಪ ಎಂದಿನಂತೆ ಕಂಬಕ್ಕೆ ಒರಗಿ ಬೀದಿಗೆ ಮುಖ ಮಾಡಿ ಕೂತಿದ್ದ. ಅವನೆದುರು ಮ್ಯಾನೇಜರ್ ನಿಂತೇ ಇದ್ದ. ಯಾರೂ ಚಾಪೆ ಹಾಸಲಿಲ್ಲ.